ಕಿಟಕಿ, ಬಾಗಿಲು ಮತ್ತು ನಾಲ್ಕು ದಿನ

ದಾವಣಗೆರೆಯಲ್ಲಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ನಾವು ಮೂವರಿದ್ದೆವು. ಕಿಟಕಿ ಪಕ್ಕದ ಮಂಚ ಒಬ್ಬಳದು, ಬಾಗಿಲ ಪಕ್ಕದ್ದು ಇನ್ನೊಬ್ಬಳದು, ನಡುವಿನದು ನನ್ನದು. ಮೊದಲ ವಾರ ಹೆಸರು ಗೊತ್ತಿಲ್ಲದೆ 'ಕಿಟಕಿ', 'ಬಾಗಿಲು' ಎಂದು ಕರೆದದ್ದು ಇಪ್ಪತ್ತೈದು ವರ್ಷ ದಾಟಿದರೂ ಬಿಟ್ಟಿಲ್ಲ. ನನ್ನ ಫೋನಿನಲ್ಲಿ ಇಂದಿಗೂ ಅವರ ಹೆಸರು ಅದೇ. ನಾವು ಕಾಲೇಜು ಸೇರಿದ್ದು 1997ರಲ್ಲಿ. ಅದೇ ವರ್ಷ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತು. ಈಗ ಕಿಟಕಿ ದಾವಣಗೆರೆಯಲ್ಲಿದ್ದಾಳೆ, ಬಾಗಿಲು ಚಿತ್ರದುರ್ಗದಲ್ಲಿ, ನಾನು ಬೆಂಗಳೂರಿನಲ್ಲಿ.

ಇಷ್ಟು ವರ್ಷ ನಾವು ಸೇರಿದ್ದೆಲ್ಲ ಮದುವೆ, ನಾಮಕರಣ, ಸಾವುಗಳಲ್ಲಿ. ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತು ಮಕ್ಕಳ ಓದು, ಮನೆ ಸಾಲದ ಮಾತು ಮುಗಿಸಿ ಬಸ್ಸು ಹತ್ತುವುದು. ಈ ನಡುವೆ ಅವರಿಬ್ಬರ ಬದುಕಿನಲ್ಲಿ ಹೊಸದೊಂದು ಚಿಗುರಿತ್ತು. ಕಿಟಕಿ ನಾಟಕದ ಪರದೆ ಬರೆಯತೊಡಗಿದ್ದಳು. ಬಾಗಿಲು, ಹೈಸ್ಕೂಲಿನ ಕನ್ನಡ ಟೀಚರ್, ರಜೆ ಸಿಕ್ಕಾಗಲೆಲ್ಲ ಹೊಲಗಳಲ್ಲಿ ಬಿದ್ದ ವೀರಗಲ್ಲುಗಳನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಮೊಬೈಲಿಗೆ ಬಂದ ಫೋಟೊಗಳಿಗೆ ನಾನು ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆ. ಅಷ್ಟು ಸಾಲದು ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು. ಡಿಸೆಂಬರ್ ಮೊದಲ ವಾರ ನಾಲ್ಕು ದಿನ ರಜೆ ಹಾಕಿ ಹೊರಟೆ. ಅವರಿಬ್ಬರು ತಮಗೆ ಬೇಕಾದ ಕೆಲಸ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಬೇಕು, ಅಷ್ಟೇ ನನ್ನ ಆಸೆ.

ಮೊದಲ ದಿನ: ಅಕ್ಕಿ ಗೋದಾಮಿನಲ್ಲಿ ಒಂದು ಬೀದಿ

ಬೆಳಗಿನ ಜಾವ ರೈಲು ಇಳಿದಾಗ ಮಂಜು ಮುಸುಕಿತ್ತು. ಕಿಟಕಿ ಸ್ಕೂಟರ್ ತಂದಿದ್ದಳು. ಮನೆಗೂ ಕರೆದೊಯ್ಯದೆ ನೇರ ಬೆಣ್ಣೆ ದೋಸೆಗೆ ನಿಲ್ಲಿಸಿದಳು. ಒಳ್ಳೆಯ ಬೆಣ್ಣೆ ದೋಸೆ ತಿನ್ನಬೇಕೆಂದರೆ ದೊಡ್ಡ ಫಲಕ ನೋಡಬಾರದು, ಸೌದೆ ಒಲೆಯ ಹೊಗೆ ನೋಡಬೇಕು. ಅದೂ ಎಂಟು ಗಂಟೆಯೊಳಗೆ, ಜನ ಮುತ್ತಿಕೊಳ್ಳುವ ಮುನ್ನ. ಕಾವಲಿಯ ಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡದಾಗಿ ಹುಯ್ದ ಹಿಟ್ಟಿನ ಮೇಲೆ ಬೆಣ್ಣೆ ಬಿದ್ದಾಗ ಬರುವ ಸದ್ದು ಹಾಸ್ಟೆಲ್ ದಿನಗಳದ್ದೇ. ಮೇಲೆ ಕರುಕಲು, ಒಳಗೆ ಮೆತ್ತಗೆ. ಪಕ್ಕದಲ್ಲಿ ಅರಿಶಿನ ಹಾಕದ ಆಲೂಗಡ್ಡೆ ಪಲ್ಯ, ನೀರುನೀರಾದ ಕಾಯಿ ಚಟ್ನಿ. ಇಬ್ಬರೂ ಮೂರು ಮೂರು ತಿಂದೆವು.

ಅವಳು ಕೆಲಸ ಮಾಡುವುದು ಒಂದು ಅಕ್ಕಿ ಮಂಡಿಯಲ್ಲಿ, ಲೆಕ್ಕ ಬರೆಯುವುದು. ಏಳು ವರ್ಷದ ಹಿಂದೆ ಗೋದಾಮಿನಲ್ಲಿ ಚೀಲ ಎಣಿಸುವಾಗ ದೂಳು ಬೀಳದಂತೆ ಚೀಲಗಳ ಮೇಲೆ ಹೊದಿಸಿದ್ದ ಹಳೆಯ ಬಟ್ಟೆಯೊಂದರ ಮಡಿಕೆಯಲ್ಲಿ ಅವಳಿಗೆ ಒಂದು ಕಂಬದ ತುದಿ ಕಂಡಿತಂತೆ. ಹಮಾಲರನ್ನು ಕರೆದು ಬಿಡಿಸಿ ಹಾಸಿದರೆ ಅದು ಅರಮನೆಯ ಪರದೆ. ಯಾವುದೋ ನಾಟಕ ಕಂಪನಿ ಬಾಡಿಗೆ ಕೊಡಲಾಗದೆ ಬಿಟ್ಟುಹೋದದ್ದು. ಇದು ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಒಂದು ಕಾಲದಲ್ಲಿ ಇಲ್ಲಿ ಪರದೆ ಬರೆಯುವವರಿಗೆ ಬಿಡುವೇ ಇರುತ್ತಿರಲಿಲ್ಲ. ಅವಳು ವಿಚಾರಿಸುತ್ತ ವಿಚಾರಿಸುತ್ತ ಹೋಗಿ ಹಳೇ ಪೇಟೆಯಲ್ಲಿದ್ದ ಮುದುಕರೊಬ್ಬರ ಮನೆ ಬಾಗಿಲು ತಟ್ಟಿದಳು. ಕೈ ನಡುಗುತ್ತಿದ್ದ ಆ ಕಲಾವಿದರು ಮೂರು ವರ್ಷ ಬಾಯಲ್ಲಿ ಹೇಳಿಕೊಟ್ಟರು, ಇವಳು ಕೈಯಲ್ಲಿ ಮಾಡಿದಳು. ಅವರು ತೀರಿಕೊಂಡ ಮೇಲೆ ಅವರ ಬ್ರಷ್‌ಗಳು ಇವಳ ಬಳಿ ಉಳಿದಿವೆ.

ಮಂಡಿಯ ಯಜಮಾನರು ಗೋದಾಮಿನ ಒಂದು ಗೋಡೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದಾರೆ. ಒಳಗೆ ಕಾಲಿಟ್ಟರೆ ಅಕ್ಕಿಯ ತವುಡಿನ ವಾಸನೆ, ಅದರ ಜೊತೆ ಕಾಯುತ್ತಿದ್ದ ಅಂಟಿನ ವಾಸನೆ. ಗೋಡೆಗೆ ಬಿಗಿದ ಇಪ್ಪತ್ತು ಅಡಿ ಬಟ್ಟೆಯ ಮೇಲೆ ಒಂದು ಬೀದಿ ಅರ್ಧ ಹುಟ್ಟಿತ್ತು. ಎರಡು ಬದಿ ಮಾಳಿಗೆ ಮನೆಗಳು, ದೀಪದ ಕಂಬಗಳು, ನಡುವೆ ದೂರ ಹೋಗಿ ಸಣ್ಣಗಾಗುವ ರಸ್ತೆ. ಹಳ್ಳಿಯ ನಾಟಕಗಳಿಗೆ ಅರಮನೆ ಇಲ್ಲದಿದ್ದರೂ ನಡೆಯುತ್ತದೆ, ಬೀದಿ ಸೀನ್ ಇಲ್ಲದೆ ನಡೆಯುವುದಿಲ್ಲ ಎಂದಳು. ಆ ಪರದೆ ಮರುದಿನ ರಾತ್ರಿಯೇ ಹರಿಹರದ ಕಡೆಯ ಒಂದು ಹಳ್ಳಿಯಲ್ಲಿ ಏರಬೇಕಿತ್ತು.

"ಸುಮ್ಮನೆ ನಿಲ್ಲಬೇಡ, ಇದನ್ನು ಹಿಡಿದುಕೋ" ಎಂದು ದಾರದ ಒಂದು ತುದಿ ಕೊಟ್ಟಳು. ರಸ್ತೆ ಮುಗಿಯುವ ಜಾಗದಲ್ಲಿ ಒಂದು ಸಣ್ಣ ಮೊಳೆ. ದಾರಕ್ಕೆ ನೀಲಿ ಪುಡಿ ಸವರಿದ್ದಳು. ನಾನು ಮೊಳೆಯ ಮೇಲೆ ದಾರ ಒತ್ತಿ ಹಿಡಿಯಬೇಕು, ಅವಳು ಇನ್ನೊಂದು ತುದಿ ಎಳೆದುಕೊಂಡು ಪರದೆಯ ಅಂಚಿಗೆ ಹೋಗಿ, ನಡುವೆ ಎರಡು ಬೆರಳಲ್ಲಿ ಎತ್ತಿ ಬಿಡುತ್ತಾಳೆ. ಟಪ್. ಬಟ್ಟೆಯ ಮೇಲೆ ನೀಲಿ ಗೆರೆ. ಮತ್ತೆ ಒಂದು ಗೇಣು ಕೆಳಗೆ, ಟಪ್. ಹೀಗೆ ಇಪ್ಪತ್ತು ಗೆರೆಗಳು, ಎಲ್ಲವೂ ನನ್ನ ಹೆಬ್ಬೆರಳ ಕೆಳಗೆ ಬಂದು ಸೇರುತ್ತಿದ್ದವು. ಕಿಟಕಿಗಳ ಸಾಲು, ಜಗಲಿಯ ಅಂಚು, ಚರಂಡಿಯ ಕಲ್ಲು, ಎಲ್ಲ ಮನೆಗಳೂ ಆ ಒಂದು ಮೊಳೆಯಿಂದಲೇ ಹೊರಡುತ್ತವೆ. ಇಪ್ಪತ್ತು ವರ್ಷ ಅಂಕಿ ಬರೆದ ಕೈ ಅದು. ಬಣ್ಣಕ್ಕೆ ಅಂಟು ಎಷ್ಟೆಂಬುದನ್ನು ಮಾತ್ರ ಅಳೆಯಲಿಲ್ಲ. ಬೆರಳಲ್ಲಿ ಅದ್ದಿ, ಹೆಬ್ಬೆರಳಿಗೆ ತಾಗಿಸಿ ಬಿಡಿಸಿ, ಕಿವಿಯ ಹತ್ತಿರ ಹಿಡಿದು ಕೇಳಿದಳು. ಅಂಟು ಕಡಿಮೆಯಾದರೆ ಪರದೆ ಅಲುಗಿದಾಗ ಬಣ್ಣ ಉದುರುತ್ತದೆ, ಹೆಚ್ಚಾದರೆ ಸುತ್ತಿಟ್ಟಲ್ಲಿ ಬಿರುಕು ಬಿಡುತ್ತದೆ. ಸರಿಯಿದ್ದರೆ ಬೆರಳು ಬಿಡಿಸುವಾಗ ಸಣ್ಣದೊಂದು ಸದ್ದು ಬರುತ್ತದಂತೆ. ನನಗೆ ಕೇಳಿಸಲಿಲ್ಲ. ಆ ಸದ್ದು ಕೇಳುವಾಗ ಅವಳ ಮುಖ ಹೇಗಾಯಿತು ಎಂಬುದು ಮಾತ್ರ ಕಂಡಿತು. ಪರೀಕ್ಷೆಯ ಹಿಂದಿನ ರಾತ್ರಿ, ಅವಳ ಮದುವೆಯ ದಿನ, ಅವಳಪ್ಪ ಹೋದ ದಿನ, ಇಷ್ಟೆಲ್ಲ ಸಲ ನಾನು ಹತ್ತಿರದಿಂದ ನೋಡಿದ ಮುಖ. ಆದರೂ ಇದನ್ನು ನೋಡಿಯೇ ಇರಲಿಲ್ಲ.

ಹಳೆಯ ಪರದೆಗಳ ಕೆಳಮೂಲೆಯಲ್ಲಿ ಬರೆದವರ ಹೆಸರು, ಊರು ಇರುತ್ತಿತ್ತು. ಅವಳ ಪರದೆಗಳಲ್ಲಿ ಆ ಮೂಲೆ ಖಾಲಿ. ಏಕೆಂದು ಕೇಳಿದೆ. "ಅಲ್ಲಿ ಬರೆಯುವಷ್ಟು ಇನ್ನೂ ಕಲಿತಿಲ್ಲ ಕಣೇ" ಎಂದಳು.

ಸಂಜೆ ಮಂಡಕ್ಕಿ ಭಟ್ಟಿಗಳ ಕಡೆ ನಡೆದುಕೊಂಡು ಹೋದೆವು. ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ನೋಡುತ್ತ ನಿಂತರೆ ಹೊಗೆಯಿಂದ ಕಣ್ಣು ಉರಿಯುತ್ತದೆ, ಆದರೂ ಕಾಲು ಕೀಳಲು ಮನಸ್ಸಾಗುವುದಿಲ್ಲ. ಖಾರ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡೆವು. ಊರಿಗೆ ಒಯ್ಯುವುದಾದರೆ ಒಗ್ಗರಣೆ ಹಾಕದ ಬರಿಯ ಮಂಡಕ್ಕಿ ಒಯ್ಯಬೇಕು; ಕಲಸಿದ್ದು ದಾರಿಯಲ್ಲೇ ಮೆತ್ತಗಾಗುತ್ತದೆ.

ಎರಡನೆಯ ದಿನ: ಸಂತೇಬೆನ್ನೂರು, ಸೂಳೆಕೆರೆ, ಒಂದು ಮಳೆ

ಮುಂದಿನ ಪರದೆಗೆ ಅರಮನೆ ಬೇಕು ಎಂದು ಬೆಳಿಗ್ಗೆಯೇ ಸಂತೇಬೆನ್ನೂರಿಗೆ ಹೊರಟೆವು. ಒಂದು ಗಂಟೆಯ ದಾರಿ, ಆದರೆ ಸ್ಕೂಟರಿಗೆ ಅದಕ್ಕಿಂತ ಹೆಚ್ಚು ಬೇಕಾಯಿತು. ಈ ಕಾಲದಲ್ಲಿ ರಸ್ತೆಯ ಅರ್ಧ ಭಾಗ ಮೆಕ್ಕೆಜೋಳದ್ದು. ಬಿಸಿಲಿಗೆ ಹರವಿದ ಹಳದಿ ಕಾಳು ಕಿಲೋಮೀಟರುಗಟ್ಟಲೆ ಜೊತೆಗೆ ಬರುತ್ತದೆ. ಅಂಚಿಗೆ ಚಕ್ರ ಇಳಿದರೆ ಕಾಳಿನ ಮೇಲೆ ಜಾರುತ್ತದೆ, ಹಾಗಾಗಿ ಇತ್ತ ಬರುವವರು ರಾತ್ರಿ ಓಡಿಸದಿರುವುದೇ ವಾಸಿ. ಭದ್ರಾ ನಾಲೆಯ ಬದಿಯಲ್ಲಿ ಭತ್ತದ ಕೊಯ್ಲು ನಡೆದಿತ್ತು, ಅದರಾಚೆ ಅಡಿಕೆ ತೋಟ.

ಪುಷ್ಕರಣಿಯ ಎದುರು ನಿಂತಾಗ ಅವಳು ಮಾತು ನಿಲ್ಲಿಸಿದಳು. ನಾಲ್ಕೂ ಕಡೆಯಿಂದ ಇಳಿಯುವ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಎದ್ದ ವಸಂತ ಮಂಟಪ, ದಡದಲ್ಲಿ ಸಣ್ಣ ಮಂಟಪಗಳು, ಪಕ್ಕದಲ್ಲಿ ಮುಸಾಫಿರಖಾನೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿಯ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಕೊಳ. ಪ್ರಯಾಣಿಕರು ತಂಗುವ ಮುಸಾಫಿರಖಾನೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು. ಕಟ್ಟಿದವರು ಬೇರೆ ಬೇರೆ, ನೀರಿನಲ್ಲಿ ಬೀಳುವ ನೆರಳು ಮಾತ್ರ ಎರಡನ್ನೂ ಕೂಡಿಸಿಬಿಡುತ್ತದೆ. ಕಿಟಕಿ ಮೆಟ್ಟಿಲ ಮೇಲೆ ಕುಳಿತು ಕಮಾನುಗಳನ್ನು ಪೆನ್ಸಿಲಿನಲ್ಲಿ ಎತ್ತಿಕೊಂಡಳು. ಹತ್ತು ಗಂಟೆಯ ಬೆಳಕಿನಲ್ಲಿ ಒಂದು, ಬಿಸಿಲು ನೆತ್ತಿಗೆ ಬಂದ ಮೇಲೆ ಅದೇ ಕಮಾನು ಇನ್ನೊಂದು ಸಲ. ಎರಡರಲ್ಲೂ ನೆರಳು ಬೇರೆ. "ರಂಗದ ಮೇಲೆ ದೀಪ ಎಡದಿಂದ ಬೀಳುತ್ತದೆ. ನೆರಳು ಬಲಕ್ಕಿರದಿದ್ದರೆ ಅರಮನೆ ಸುಳ್ಳಾಗುತ್ತದೆ" ಎಂದಳು. ಬಟ್ಟೆ ಒಗೆದು ಹೋಗುತ್ತಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿ, "ಅಕ್ಕಾ, ನೀರನ್ನು ಏಕೆ ಬರೆದಿಲ್ಲ?" ಎಂದು ಕೇಳಿದಳು. ಕಿಟಕಿ ತುಂಬ ಹೊತ್ತು ಯೋಚಿಸಿ, ನೀರಿಗೂ ಒಂದು ಹಾಳೆ ತೆಗೆದಳು.

ಅಲ್ಲಿಂದ ಸೂಳೆಕೆರೆ. ಎರಡು ಗುಡ್ಡಗಳ ನಡುವಿನ ಸಂದನ್ನು ಮುಚ್ಚಿ ನಿಲ್ಲಿಸಿದ ನೀರು ಸಮುದ್ರದ ಹಾಗೆ ಹರಡಿಕೊಂಡಿದೆ. ಶಾಂತವ್ವ ಕಟ್ಟಿಸಿದಳೆಂಬ ಕಥೆಯಿಂದ ಶಾಂತಿಸಾಗರ ಎಂಬ ಹೆಸರೂ ಇದೆ. ಏರಿಯ ಮೇಲೆ ಗಾಳಿಗೆ ನಿಲ್ಲಲಾಗುತ್ತಿರಲಿಲ್ಲ. ಚಿತ್ರದುರ್ಗಕ್ಕೆ ಕುಡಿಯುವ ನೀರು ಇಲ್ಲಿಂದ ಹೋಗುತ್ತದೆ. "ನಾಳೆ ಬಾಗಿಲಿನ ಮನೆಯಲ್ಲಿ ನಿನಗೆ ಕೊಡುವ ನೀರು ಇದೇ" ಎಂದಳು ಕಿಟಕಿ. ಪೂರ್ವದಲ್ಲಿ ಮೋಡ ಕಟ್ಟುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದು ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದ್ದೆವು. ಇಬ್ಬರೂ ಆ ಮಾತು ಎತ್ತಲಿಲ್ಲ.

ರಾತ್ರಿ ಎಂಟಕ್ಕೆ ಹಳ್ಳಿ ಸೇರಿದಾಗ ಗುಡಿಯ ಮುಂದೆ ರಂಗ ಸಿದ್ಧವಾಗಿತ್ತು. ತಗಡಿನ ಮಾಡು, ಬೊಂಬಿನ ಕಂಬ, ಹಾರ್ಮೋನಿಯಂ ಮೇಷ್ಟ್ರು ಆಗಲೇ ಶ್ರುತಿ ನೋಡುತ್ತಿದ್ದರು. ಪರದೆಯನ್ನು ಬೊಂಬಿಗೆ ಬಿಗಿದು ಅರ್ಧ ಏರಿಸಿದ್ದೆವು, ದೊಡ್ಡ ಹನಿ ಬಿತ್ತು. ಅಂಟಿನ ಬಣ್ಣಕ್ಕೆ ನೀರು ತಾಗಿದರೆ ಕಥೆ ಮುಗಿಯಿತು. ಅದೇ ಹೊತ್ತಿಗೆ ರಸ್ತೆಯ ಕಡೆಯಿಂದ ಕೂಗು ಕೇಳಿತು. ಊರಿನ ಅರ್ಧ ವರ್ಷದ ದುಡಿಮೆ ರಸ್ತೆಯ ಮೇಲೆ ಹರವಿತ್ತು. ಮೀಸೆ ಅಂಟಿಸಿಕೊಂಡಿದ್ದ ಖಳನಾಯಕ, ಮುಖಕ್ಕೆ ಅರ್ಧ ಬಣ್ಣ ಹಚ್ಚಿಕೊಂಡಿದ್ದ ನಾಯಕ, ಊಟ ಬಡಿಸುತ್ತಿದ್ದವರು, ಎಲ್ಲರೂ ಓಡಿದರು. ನಾನು ಕಿಟಕಿಯ ಮುಖ ನೋಡಿದೆ. ಅವಳು ಕೈಯಲ್ಲಿದ್ದ ಹಗ್ಗವನ್ನು ನನಗೆ ಕೊಟ್ಟು, ಪರದೆಗೆಂದು ತಂದಿದ್ದ ತಾಡಪತ್ರಿಯನ್ನು ಕಂಕುಳಲ್ಲಿ ಇರುಕಿಕೊಂಡು ಜೋಳದ ಕಡೆ ಓಡಿದಳು.

ನಾನೂ ಹಾರ್ಮೋನಿಯಂ ಮೇಷ್ಟ್ರೂ ಇಬ್ಬರು ಹುಡುಗರೂ ಪರದೆ ಸುತ್ತಿ ಗುಡಿಯೊಳಗೆ ಹೊತ್ತು ತಂದೆವು. ಮೇಷ್ಟ್ರು ತಮ್ಮ ಶಾಲನ್ನೇ ಅದಕ್ಕೆ ಹೊದಿಸಿದರು. ಇಪ್ಪತ್ತು ನಿಮಿಷದ ಮಳೆ. ನಿಂತ ಮೇಲೆ ಕಿಟಕಿ ಮೊಣಕಾಲವರೆಗೆ ಕೆಸರಾಗಿ ಬಂದಳು, ಕೂದಲಲ್ಲಿ ಜೋಳದ ಸಿಪ್ಪೆ. ಪರದೆ ಬಿಡಿಸಿದಾಗ ಆಕಾಶದ ಭಾಗದಲ್ಲಿ ಹನ್ನೆರಡು ಹದಿಮೂರು ಹನಿ ಬಿದ್ದಿದ್ದವು. ಉಜ್ಜಲಿಲ್ಲ. ಒಣ ಬಟ್ಟೆಯ ತುದಿಯನ್ನು ಒಂದೊಂದು ಹನಿಯ ಮೇಲೂ ಒತ್ತಿ, ಉಸಿರು ಬಿಗಿಹಿಡಿದು, ಎತ್ತಿದಳು. ನಾನು ಟಾರ್ಚ್ ಹಿಡಿದಿದ್ದೆ. ಕಲೆ ಪೂರ್ತಿ ಹೋಗಲಿಲ್ಲ, ದೂರದಿಂದ ನೋಡಿದರೆ ತೆಳು ಮೋಡದ ಹಾಗೆ ಉಳಿಯಿತು.

ನಾಟಕ ಶುರುವಾದದ್ದು ಹನ್ನೊಂದೂವರೆಗೆ. ಒಬ್ಬರೂ ಎದ್ದು ಹೋಗಿರಲಿಲ್ಲ. ಒದ್ದೆ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದರು. ಎರಡನೆಯ ದೃಶ್ಯಕ್ಕೆ ಬೀದಿ ಸೀನ್ ಇಳಿಯಿತು. ಮುಂದೆ ಕುಳಿತ ಮಕ್ಕಳು ಮಂಡಿಯೂರಿ ಎದ್ದರು. ಅಲ್ಲೊಬ್ಬ ಹುಡುಗ ತನ್ನ ಅಜ್ಜನಿಗೆ, "ಅಜ್ಜಾ, ಆ ರಸ್ತೆಯಲ್ಲಿ ಹೋದರೆ ಯಾವ ಊರು ಬರುತ್ತದೆ?" ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕಿಟಕಿಗೆ ಹೇಳೋಣವೆಂದು ತಿರುಗಿದರೆ ಪಕ್ಕದಲ್ಲಿ ಅವಳಿಲ್ಲ. ಕಟ್ಟಕಡೆಯ ಸಾಲಿನ ಹಿಂದೆ, ಬೇವಿನ ಮರಕ್ಕೆ ಒರಗಿ, ಒಂದು ಕಣ್ಣು ಮುಚ್ಚಿ, ತನ್ನ ರಸ್ತೆ ಸಾಕಷ್ಟು ದೂರ ಹೋಗುತ್ತಿದೆಯೋ ಇಲ್ಲವೋ ನೋಡುತ್ತಿದ್ದಳು. ನಾನು ಹತ್ತಿರ ಹೋಗಲಿಲ್ಲ. ನಾಟಕ ಬಿಟ್ಟು ಅವಳನ್ನೇ ನೋಡುತ್ತ ನಿಂತೆ. ಮಳೆ ಬಿದ್ದ ಮೇಲಿನ ಚಳಿ, ಹಾರ್ಮೋನಿಯಂ, ಅವಳ ಆ ಮುಚ್ಚಿದ ಒಂದು ಕಣ್ಣು. ಎದೆ ತುಂಬಿ ಬಂದಿತ್ತು.

ಮೂರನೆಯ ದಿನ: ಬಾಗಿಲಿನ ಊರು

ಭಾನುವಾರ. ಬೆಳಗಿನವರೆಗೂ ನಾಟಕ ನೋಡಿ, ಎರಡು ಗಂಟೆ ಮಲಗಿ, ಕಿಟಕಿಯೂ ನನ್ನ ಜೊತೆ ಬಸ್ಸು ಹತ್ತಿದಳು. ಸೋಮವಾರಕ್ಕೂ ಮಂಡಿಯಿಂದ ರಜೆ ಕೇಳಿಕೊಂಡಿದ್ದಳು. ಹೆದ್ದಾರಿಯಲ್ಲಿ ಒಂದೂ ಕಾಲು ಗಂಟೆ. ಕಣ್ಣು ಬಿಟ್ಟಾಗ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

ಬಾಗಿಲಿನ ಮನೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕುಡಿಯಲು ಕೊಟ್ಟ ನೀರನ್ನು ಕಿಟಕಿ ನನ್ನ ಕಡೆ ಎತ್ತಿ ತೋರಿಸಿದಳು. ಊಟವಾದ ಮೇಲೆ ಚಂದ್ರವಳ್ಳಿ. ಬಂಡೆಗಳ ಮಡಿಲಲ್ಲಿ ಕೆರೆ, ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ, ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ. ಕೆರೆಯ ಕೆಲಸ ಮಾಡಿಸಿದ್ದನ್ನು ಹೇಳುತ್ತದೆ. 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಇಲ್ಲಿ ಉತ್ಖನನ ನಡೆಸಿದರು, 1947ರಲ್ಲಿ ಇಂಗ್ಲಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದರು. ರೋಮನ್ ನಾಣ್ಯಗಳೂ ಸಿಕ್ಕಿದ ನೆಲ. ಇದನ್ನೆಲ್ಲ ಬಾಗಿಲು ಹೇಳುವಾಗ ಅಲ್ಲಿ ತಿರುಗಾಡಲು ಬಂದಿದ್ದ ಒಂದು ಕುಟುಂಬವೂ ಹಿಂದೆ ಬಂದು ನಿಂತಿತು. ಹಾಸ್ಟೆಲಿನಲ್ಲಿ ಮೆಸ್ ಮೇಲ್ವಿಚಾರಕರ ಎದುರು ಬಾಯಿ ಬಿಡಲು ಹೆದರುತ್ತಿದ್ದವಳು ಇವಳು.

ಸಂಜೆ ಕೋಟೆ. ಮೊದಲ ಸಲ ಬರುವವರು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬರಬೇಕು. ಏಳು ಸುತ್ತನ್ನೂ ಅರ್ಥ ಮಾಡಿಕೊಳ್ಳಲು ನಾಲ್ಕು ಗಂಟೆ ಬೇಕು, ಹನ್ನೊಂದರ ಮೇಲೆ ಬಂಡೆ ಕಾದು ಕಾಲಿಡಲಾಗುವುದಿಲ್ಲ. ತಿಂಡಿ ಚೀಲವನ್ನು ಕೈಯಲ್ಲಿ ಹಿಡಿಯಲೇಬಾರದು; ನಮ್ಮ ದಾವಣಗೆರೆಯ ಮಂಡಕ್ಕಿ ಪೂರ್ತಿ ಎರಡನೆಯ ಸುತ್ತಿನ ಕೋತಿಗಳ ಪಾಲಾಯಿತು. ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲಿತ್ತು. 1779ರಲ್ಲಿ ಕೋಟೆ ಹೈದರಾಲಿಯ ವಶವಾದರೂ ಜನ ಬಂದು ನಿಲ್ಲುವುದು ಒನಕೆ ಹಿಡಿದವಳ ಎದುರಿಗೇ. ಬಾಗಿಲು ನಮ್ಮನ್ನು ಗೋಪಾಲಸ್ವಾಮಿ ಹೊಂಡದ ಕಟ್ಟೆಗೆ ಕರೆದೊಯ್ದಳು. ಇದು ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಕೆಳಗೆ ಹೊಂಡದಿಂದ ಹೊಂಡಕ್ಕೆ ಹರಿದು ಊರೊಳಗಿನ ಸಂತೆಹೊಂಡ ಸೇರುತ್ತದೆ. ಬಂಡೆಯ ಮೇಲೆ ಸಾಲಾಗಿ ಹೊಡೆದ ಬೆಣೆಯ ತೂತುಗಳನ್ನು ತೋರಿಸಿ ಕಿಟಕಿಯ ಬೆರಳನ್ನು ಅದರೊಳಗೆ ಇಡಿಸಿದಳು. ಕಲ್ಲು ಸೀಳಲು ಗುರುತು ಮಾಡಿ, ಏಕೋ ಸೀಳದೆ ಬಿಟ್ಟ ಬಂಡೆ. "ನಿನ್ನ ನೀಲಿ ದಾರದ ಗೆರೆಯ ಹಾಗೆಯೇ ಇದೆ" ಎಂದಳು ಬಾಗಿಲು. ಇಬ್ಬರೂ ಆ ಸಾಲಿನ ಮೇಲೆ ಬಗ್ಗಿ ಅಳತೆ ಲೆಕ್ಕ ಹಾಕುತ್ತ ಕುಳಿತರು. ಕತ್ತಲಾಯಿತು, ಕಾವಲುಗಾರರು ಸೀಟಿ ಊದಿದರು.

ನಾಲ್ಕನೆಯ ದಿನ: ಕಲ್ಲು, ಕಾಗದ, ಬ್ರಹ್ಮಗಿರಿ

ಬೆಳಿಗ್ಗೆ ಆರಕ್ಕೆ ಬಾಡಿಗೆ ಕಾರಿನಲ್ಲಿ ಚಳ್ಳಕೆರೆ ದಾರಿ. ಶೇಂಗಾ ಕಿತ್ತು ಮುಗಿದ ಕೆಂಪು ಹೊಲಗಳು, ಅಲ್ಲಲ್ಲಿ ಕುರಿ ಹಿಂಡು, ಕಂಬಳಿ ಹೊದ್ದ ಕುರಿಗಾಹಿಗಳು. ಬಾಗಿಲಿನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹೊಲದ ಬದುವಿನಲ್ಲಿ ಒಂದು ಕಲ್ಲಿದೆ ಎಂದು ಹೇಳಿಕಳಿಸಿದ್ದ. ಸಂರಕ್ಷಿತ ಸ್ಮಾರಕಗಳನ್ನು ಅವಳು ಮುಟ್ಟುವುದಿಲ್ಲ, ಅದಕ್ಕೆ ಇಲಾಖೆಯ ಅನುಮತಿ ಬೇಕು. ಹೀಗೆ ಯಾರೂ ಕೇಳದೆ ಬಿದ್ದಿರುವ ಕಲ್ಲುಗಳಿಗೆ ಹೊಲದವರ ಒಪ್ಪಿಗೆ ಪಡೆದು ಕಾಗದದ ಮೇಲೆ ಪಡಿಯಚ್ಚು ತೆಗೆಯುತ್ತಾಳೆ, ತಿಳಿದವರಿಗೆ ಕಳಿಸುತ್ತಾಳೆ.

ತುರುಗೊಳ್ ವೀರಗಲ್ಲು, ಎಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ ಸತ್ತವನ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಬಾಲ ಎತ್ತಿ ಓಡುವ ದನಗಳು, ಬಿಲ್ಲು ಹಿಡಿದವನು. ನಡುವೆ ಅವನನ್ನು ಎರಡೂ ಬದಿಯಿಂದ ಹಿಡಿದು ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ಪಟ್ಟಿಕೆಗಳ ನಡುವೆ ಅಕ್ಷರ ಇದ್ದಂತೆ ಕಾಣುತ್ತಿತ್ತು, ಓದಲಾಗುತ್ತಿರಲಿಲ್ಲ. ಬಾಗಿಲು ಸೆರಗು ಸಿಕ್ಕಿಸಿಕೊಂಡು ನಾರಿನ ಬ್ರಷ್‌ನಿಂದ ಪಾಚಿ ಉಜ್ಜಿದಳು, ಕೊಡಗಟ್ಟಲೆ ನೀರು ಹೊಯ್ದಳು. ಒದ್ದೆ ಕಾಗದ ಹಾಸಿ ಗಟ್ಟಿ ಕೂದಲಿನ ಬ್ರಷ್‌ನಿಂದ ಬಡಿಯತೊಡಗಿದಳು. ಕಾಗದ ಅಕ್ಷರದ ಕುಳಿಯೊಳಗೆ ಇಳಿಯಬೇಕು, ಹರಿಯಬಾರದು. ಅಷ್ಟರಲ್ಲಿ ದುರ್ಗದ ಗಾಳಿ ಒಂದು ಮೂಲೆಯನ್ನು ಎತ್ತಿ ಚರ್ರೆಂದು ಅರ್ಧಕ್ಕೆ ಸೀಳಿಬಿಟ್ಟಿತು. ಮುಕ್ಕಾಲು ಗಂಟೆಯ ಕೆಲಸ. ಅವಳು ಒಂದು ಮಾತೂ ಆಡದೆ ಇನ್ನೊಂದು ಹಾಳೆ ನೆನೆಸಿದಳು. ಈ ಸಲ ಕಿಟಕಿ ಒಂದು ಬದಿ, ನಾನು ಒಂದು ಬದಿ, ಅಂಗೈ ಒತ್ತಿ ಹಿಡಿದು ಕುಳಿತೆವು. ಕಾಗದದ ಕೆಳಗೆ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಬೆರಳು ಮರಗಟ್ಟಿದರೂ ಎತ್ತಲಿಲ್ಲ.

ಹೊಲದ ಅಜ್ಜಿ ಬಂದು ಕುಳಿತಳು. "ನಿಧಿಯ ಗುರುತು ಏನಾದರೂ ಇದೆಯೇ ತಾಯಿ?" ಎಂದು ಕೇಳಿದಳು. 'ನಿಧಿಯಾಸೆಗೆ ಇಂಥ ಕಲ್ಲುಗಳನ್ನು ಬುಡ ಅಗೆದು ಉರುಳಿಸುವವರು ಇದ್ದಾರೆ' ಎಂದು ಬಾಗಿಲು ನಿಧಾನವಾಗಿ ತಿಳಿಹೇಳಿದಳು. ಕಾಗದ ಅರೆ ಒಣಗಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ತಾಗಿಸಿ ತಟ್ಟತೊಡಗಿದಳು. ಕಪ್ಪು ಹರಡುತ್ತ ಹೋದಂತೆ ಅದರೊಳಗಿಂದ ಬಿಳಿಯ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಮೊದಲು 'ಸ್ವಸ್ತಿ ಶ್ರೀ'. ಆಮೇಲೆ ಸವೆದ ಜಾಗ. ಆಮೇಲೆ ಅವಳ ಕೈ ನಿಂತಿತು. ತುಟಿ ಅಲುಗಿತು. "ತುಱುವಂ ಮಗುಳ್ಚಿ" ಎಂದು ಓದಿದಳು. "ದನಗಳನ್ನು ಮರಳಿಸಿ, ಎಂದು ಅರ್ಥ. ಮರಳಿಸಿ ಸತ್ತಿದ್ದಾನೆ."

ಅವಳ ಕಣ್ಣಲ್ಲಿ ನೀರಿತ್ತು. ಕಿಟಕಿ ತನ್ನ ಮಸಿ ಕೈಯನ್ನೇ ಅವಳ ಭುಜದ ಮೇಲಿಟ್ಟಳು. ಅಜ್ಜಿ ಕಲ್ಲನ್ನೇ ನೋಡುತ್ತ, "ಅವನ ಅವ್ವನಿಗೆ ಯಾರು ಹೇಳಿದರೋ" ಎಂದಳು. ಎದ್ದು ಹೋಗಿ, ನಮಗೆ ಒಂದು ಮೊರ ಅವರೆಕಾಯಿ ತಂದು ಸುರಿದಳು.

ಬ್ರಹ್ಮಗಿರಿ ತಲುಪಿದಾಗ ಎರಡು ಗಂಟೆ. ಅಶೋಕ ಸಿದ್ದಾಪುರದ ಬಳಿ ಊಟಕ್ಕೆ ಹೋಟೆಲು ನೆಚ್ಚಿಕೊಳ್ಳಬಾರದು; ಬುತ್ತಿ ಬಿಚ್ಚಿ ಬಂಡೆಯ ನೆರಳಲ್ಲಿ ಉಂಡೆವು. 1892ರಲ್ಲಿ ಬಿ.ಎಲ್. ರೈಸ್ ಅವರು ಗುರುತಿಸಿದ ಅಶೋಕನ ಶಾಸನ, ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. ಸುವರ್ಣಗಿರಿಯಿಂದ ಇಸಿಲದ, ಎಂದರೆ ಆಗಿನ ಈ ಊರಿನ, ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಆಜ್ಞೆ: ತಂದೆ ತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಬಾಗಿಲು ಇದನ್ನೆಲ್ಲ ಬೇಗ ಹೇಳಿ ಮುಗಿಸಿದಳು. ಅವಳಿಗೆ ಬೇಕಿದ್ದದ್ದು ಕೊನೆಯ ಸಾಲು.

"ಇಲ್ಲಿ ನೋಡು. ಬರೆದವನು ಚಪಡ. ಚಕ್ರವರ್ತಿಯ ಮಾತೆಲ್ಲ ಮುಗಿದ ಮೇಲೆ ತನ್ನ ಹೆಸರು ಬರೆದಿದ್ದಾನೆ. ಅಷ್ಟಕ್ಕೇ ಬಿಟ್ಟಿಲ್ಲ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ, ಎಡದಿಂದ ಬಲಕ್ಕೆ. 'ಲಿಪಿಕರೇಣ', ಎಂದರೆ ಲಿಪಿಕಾರನಿಂದ, ಎನ್ನುವ ಒಂದು ಪದ ಮಾತ್ರ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ. ಅದು ವಾಯವ್ಯದ ಗಾಂಧಾರದ ಕಡೆಯ ಲಿಪಿ. ಇಲ್ಲಿ ಅದನ್ನು ಓದುವವರು ಎಷ್ಟು ಜನ ಇದ್ದರು ಹೇಳು? ಆದರೂ ತನ್ನ ಕೆಲಸದ ಹೆಸರನ್ನು ತನಗೆ ಬರುವ ಆ ಲಿಪಿಯಲ್ಲೇ ಬರೆದ."

ಕಿಟಕಿ ಏನೂ ಹೇಳಲಿಲ್ಲ. ಬಹಳ ಹೊತ್ತು ಆ ಮೂಲೆಯನ್ನೇ ನೋಡುತ್ತ ಕುಳಿತಿದ್ದಳು. ಗುಡ್ಡದ ಮೇಲಿನಿಂದ ಮೇಕೆಗಳ ಸದ್ದು ಬರುತ್ತಿತ್ತು.

ವಾಪಸು ಬರುವಾಗ ಚಳ್ಳಕೆರೆ ದಾಟಿ ಕತ್ತಲಾಯಿತು. ನಾನು ಮುಂದಿನ ಸೀಟಿನಲ್ಲಿದ್ದೆ. ಹಿಂದಿನಿಂದ ಕಿಟಕಿಯ ಧ್ವನಿ: "ಬಣ್ಣ ಎಂದು ಬ್ರಾಹ್ಮಿಯಲ್ಲಿ ಹೇಗೆ ಬರೆಯುತ್ತಾರೆ?"

"ಆ ಕಾಲದವರು ಒತ್ತಕ್ಷರ ಬರೆಯುತ್ತಿರಲಿಲ್ಲ, ಒಂದೇ ಣ ಸಾಕು. ಎರಡೇ ಅಕ್ಷರ" ಎಂದು ಬಾಗಿಲು ಚೀಲದಲ್ಲಿ ಹಳೆಯ ಲಕೋಟೆ ಹುಡುಕಿದಳು. "ಣ ಎಂದರೆ ಒಂದು ಕಂಬ, ಮೇಲೊಂದು ಅಡ್ಡಗೆರೆ, ಕೆಳಗೊಂದು ಅಡ್ಡಗೆರೆ."

"ಬ?"

"ಬ ಸುಲಭ. ಒಂದು ಚೌಕ." ಬರೆದು ತೋರಿಸಿದವಳೇ ತಾನೂ ಅದನ್ನು ನೋಡಿ ಒಂದು ಕ್ಷಣ ಸುಮ್ಮನಾದಳು. "ಅಯ್ಯೋ, ಇದು ಕಿಟಕಿಯೇ ಕಣೇ!"

ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತಿದ್ದವು. ಕಿಟಕಿ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಎರಡು ಅಕ್ಷರಗಳನ್ನು ಮತ್ತೆ ಮತ್ತೆ ಬರೆಯತೊಡಗಿದಳು. ಬಾಗಿಲು ಅಲ್ಲಲ್ಲಿ ತಿದ್ದುತ್ತಿದ್ದಳು. ರಸ್ತೆಯ ಕುಲುಕಾಟಕ್ಕೆ ಗೆರೆ ಸೊಟ್ಟಗಾದರೆ ಇಬ್ಬರೂ ಒಟ್ಟಿಗೆ ಛೆ ಎನ್ನುತ್ತಿದ್ದರು. ನಾನು ಹಿಂದಕ್ಕೆ ತಿರುಗಿ, ಸೀಟಿಗೆ ಎದೆಯೊತ್ತಿ, ಚಿತ್ರದುರ್ಗದ ದೀಪಗಳು ಕಾಣುವವರೆಗೂ ಅವರಿಬ್ಬರ ಮಧ್ಯೆ ಮೊಬೈಲಿನ ಬೆಳಕು ಹಿಡಿದಿದ್ದೆ.